ನಮ್ಮನ್ನು ‘ಸುದೃಢ ಕುಟುಂಬ’ದ ಪಟ್ಟಿಯಿಂದ ತೆಗೆದುಹಾಕಿ

ಊರಿನ ಸಂಸಾರಗಳನ್ನೆಲ್ಲ ಗಟ್ಟಿ ಮಾಡುವ ಹೊಣೆ ಹೊತ್ತ ಕುಟುಂಬ ಮಾರ್ಗದರ್ಶನ ಕೇಂದ್ರದ ಮಾನ್ಯ ನಿರ್ದೇಶಕರೇ,

ನನ್ನ ಗಂಡ ಮನೆ ಬಿಟ್ಟು ಹೋಗಿ ಇಂದಿಗೆ ನಲವತ್ತೊಂದು ದಿನ. ಆದರೆ ತಮ್ಮ ದಾಖಲೆಯ ಪ್ರಕಾರ ನಾವಿಬ್ಬರೂ ಸುಖವಾಗಿದ್ದೇವೆ. ತಮ್ಮ ದಾಂಪತ್ಯ ತರಗತಿಗಳನ್ನು ಪೂರ್ಣ ಹಾಜರಿಯೊಂದಿಗೆ ಮುಗಿಸಿ ‘ಸುದೃಢ ಕುಟುಂಬ’ ಎಂಬ ಪ್ರಮಾಣಪತ್ರ ಪಡೆದವರಿಗೆ ಆಪ್ತ ಸಮಾಲೋಚನೆಯ ಸೌಲಭ್ಯ ಇಲ್ಲವಂತೆ. ಕಳೆದ ವಾರ ತಮ್ಮ ಗುಮಾಸ್ತರು ಕಂಪ್ಯೂಟರ್ ನೋಡಿ ಹೇಳಿದರು: “ನಿಮ್ದು ಸುದೃಢ ಅಂತ ಬಂದಿದೆ ಮೇಡಂ. ಸಮಾಲೋಚನೆ ಇರೋದು ಸಮಸ್ಯೆ ಇರೋರಿಗೆ.” ನನಗೆ ಸಮಸ್ಯೆ ಇದೆಯಲ್ಲ ಎಂದೆ. “ಇಲ್ಲಿ ತೋರಿಸ್ತಾ ಇಲ್ಲ” ಎಂದರು. ಕೋಪ ಬರಬೇಕಿತ್ತು, ಬರಲಿಲ್ಲ. ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ನಾವು ಸುದೃಢರಾದ ಬಗೆಯನ್ನು ತಾವು ತಿಳಿಯಬೇಕು. ನಾನು ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆಯುವವಳು, ಗಂಡ ಬಸ್ ಡ್ರೈವರ್. ನಮ್ಮ ಪಾಳಿಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ತಮ್ಮ ತರಗತಿ ಭಾನುವಾರ ಹತ್ತಕ್ಕೆ; ಆ ಹೊತ್ತಿಗೆ ಅತ್ತೆಯ ಬಳಿ ಒಬ್ಬರು ಇರಲೇಬೇಕು. ಹಾಗಾಗಿ ಒಂದು ವಾರ ನಾನು, ಒಂದು ವಾರ ಅವರು. ತರಬೇತಿ ಕೊಡುವ ಹಿರಿಯರಿಗೆ ಇದನ್ನು ಹೇಳಿಕೊಂಡೆ. ಕೆಟ್ಟವರಲ್ಲ ಪಾಪ. “ಇಬ್ಬರ ಸಹೀನೂ ಇಲ್ದಿದ್ರೆ ಮೇಲಿನೋರು ತರಗತೀನೇ ಮುಚ್ಚಿಸ್ತಾರೆ ಕಣಮ್ಮಾ. ಯಾರು ಬರ್ತೀರೋ ಅವರೇ ಎರಡೂ ಹಾಕ್ಬಿಡಿ” ಎಂದರು. ಹಾಕಿದೆವು, ಹನ್ನೆರಡು ವಾರ. ತಪ್ಪು ನಮ್ಮದೂ ಹೌದು. ಆದರೆ ಕೂಡಿ ಬಾಳುವುದನ್ನು ಕಲಿಯಲು ಗಂಡಹೆಂಡಿರು ಸರದಿಯ ಮೇಲೆ ಬರುತ್ತಿದ್ದುದು ತಮ್ಮ ಕಚೇರಿಯಲ್ಲಿ ಒಬ್ಬರ ಕಣ್ಣಿಗೂ ಬೀಳಲಿಲ್ಲವೇ? ‘ಗಂಡಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ತಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಇದೆ. ಒಟ್ಟಿಗೆ ಉಂಡು ಮಲಗದವರು ಏನು ಮಾಡಬೇಕೆಂದು ಕೊನೆಯ ಪುಟದವರೆಗೂ ಹುಡುಕಿದೆ, ಇರಲಿಲ್ಲ. ಜಗಳವಾಡುವುದಕ್ಕೂ ಪುರುಸೊತ್ತು ಬೇಕು ಸ್ವಾಮಿ.

ಒಂಬತ್ತು, ಹತ್ತನೇ ವಾರಗಳ ಪಾಠ ‘ಮನಸ್ಸಿನ ಮಾತು’; ಒಂಬತ್ತನೇ ವಾರ ನನ್ನ ಸರದಿ. ಉಳಿದವರೆಲ್ಲ ಜೋಡಿಜೋಡಿಯಾಗಿ ಕೂತರು. ನನ್ನ ಎದುರು ಹಿರಿಯರು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದಿಟ್ಟರು. “ಇದನ್ನೇ ನಿಮ್ಮ ಯಜಮಾನ್ರು ಅಂದ್ಕೊಂಡು ಹೇಳಮ್ಮಾ.” ಹೇಳಿದೆ. ಐದು ವರ್ಷದ ಹಿಂದೆ, ಏಳನೇ ತಿಂಗಳಿನಲ್ಲಿ, ನನ್ನ ಹೊಟ್ಟೆಯಲ್ಲೇ ತೀರಿಹೋದ ಮಗುವಿನ ಬಗ್ಗೆ ಹೇಳಿದೆ. “ಮಾರನೇ ದಿನಾನೇ ಡ್ಯೂಟಿಗೆ ಹೋದ್ರಲ್ಲ, ನಿಮಗೇನೂ ಅನ್ನಿಸ್ಲೇ ಇಲ್ವಾ?” ಎಂದು ಕೇಳಿದೆ. ಕುರ್ಚಿ ಸುಮ್ಮನಿತ್ತು. ಆ ವಿಷಯದಲ್ಲಿ ಅದಕ್ಕೂ ನನ್ನ ಗಂಡನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದುಕೊಂಡೆ.

ಪ್ರಮಾಣಪತ್ರ ಕೊಡುವ ದಿನ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. “ನೀವು ಹೇಳಿದ ಮುಂದಿನ ವಾರ ನಿಮ್ಮ ಯಜಮಾನ್ರೂ ಅದೇ ಕುರ್ಚಿ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ರಮ್ಮಾ. ಮಗು ವಿಷ್ಯಾನೇ. ಮನೇಲಿದ್ರೆ ಇವಳ ಮುಖ ನೋಡಕ್ಕಾಗ್ತಿರ್ಲಿಲ್ಲ, ಅದಕ್ಕೇ ಡ್ಯೂಟಿಗೆ ಹೋದೆ ಅಂದ್ರು. ಪಾಠ ಇಬ್ಬರಿಗೂ ಚೆನ್ನಾಗಿ ಹಿಡಿದಿದೆ.” ನನ್ನ ಗಂಡ ಅತ್ತಿದ್ದನ್ನು ನಾನು ಒಮ್ಮೆಯೂ ಕಂಡವಳಲ್ಲ. ನಮ್ಮಿಬ್ಬರ ದುಃಖವನ್ನೂ ಪೂರ್ತಿ ಕೇಳಿಸಿಕೊಂಡದ್ದು ತಮ್ಮ ಕಚೇರಿಯ ಕುರ್ಚಿಯೊಂದೇ. ಅದಕ್ಕೂ ಒಂದು ಪ್ರಮಾಣಪತ್ರ ಕೊಟ್ಟಿದ್ದೀರಾ? ಮನೆಗೆ ಬಂದವಳು ಅವರನ್ನು ಏನಾದರೂ ಕೇಳಬಹುದಿತ್ತು. ಅತ್ತೆಗೆ ಮಾತ್ರೆ ಕೊಟ್ಟು ನನ್ನ ಪಾಳಿಗೆ ಹೊರಟೆ.

ಈ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡರು. ಆಮೇಲೆ ಭಾನುವಾರಗಳಲ್ಲಿ ಇಬ್ಬರೂ ಮನೆಯಲ್ಲೇ ಇರತೊಡಗಿದೆವು. ಅತ್ತೆಯ ಜ್ವರ, ಅತ್ತೆಯ ಊಟ ಎಂದು ಆಡುತ್ತಿದ್ದ ನಾಲ್ಕು ಮಾತೂ ಮುಗಿದುಹೋಗಿದ್ದವು. ಒಂದು ಭಾನುವಾರ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಒಂದೇ ಮನೇಲಿ ಇಬ್ರು ಬಾಡಿಗೆದಾರರ ಥರ ಇದ್ದೀವಿ. ಸ್ವಲ್ಪ ದಿನ ಅಣ್ಣನ ಮನೇಲಿರ್ತೀನಿ” ಎಂದರು. ಸರಿ ಎಂದೆ. ಅಂದಿನಿಂದ ನನಗೆ ಒಳಗೆಲ್ಲ ಜೋಮು ಹಿಡಿದಂತಿದೆ. ದಿನಕ್ಕೆ ಐವತ್ತು ಅರವತ್ತು ಜನರಿಗೆ “ಉಸಿರು ಬಿಗಿ ಹಿಡೀರಿ”, “ಈಗ ಬಿಡಿ” ಎನ್ನುತ್ತೇನೆ. ನನಗೆ ಬಿಡು ಎನ್ನುವವರು ಯಾರೂ ಇಲ್ಲ. ಊಟ, ಕೆಲಸ, ನಿದ್ದೆ ಎಲ್ಲ ನಡೆದಿದೆ.

ಕಳೆದ ವಾರ ಅವರೇ ಫೋನ್ ಮಾಡಿದರು. “ಬೇರೆ ಊರಿನ ಡಿಪೋಗೆ ವರ್ಗ ಆಗಿದೆ, ಒಂದನೇ ತಾರೀಖು ಹೊರಡ್ಬೇಕು. ಅಷ್ಟರೊಳಗೆ ಒಂದ್ಸಲ ಕೂತು ಮಾತಾಡೋಣ. ಆದ್ರೆ ನಾವಿಬ್ರೇ ಆದ್ರೆ ಆಗಲ್ಲ, ಮಧ್ಯೆ ಯಾರಾದ್ರೂ ಇರ್ಲಿ.” ತಮ್ಮ ಗುಮಾಸ್ತರ ಮುಂದೆ ನಾನು ಹೋಗಿ ನಿಂತದ್ದು ಅದಕ್ಕಾಗಿ.

ಆದ್ದರಿಂದ ನಮ್ಮ ಪ್ರಮಾಣಪತ್ರವನ್ನು ರದ್ದು ಮಾಡಿ. ವಿಫಲ ಕುಟುಂಬ ಎಂದೇ ಬರೆದುಕೊಳ್ಳಿ, ನಮ್ಮ ಅಭ್ಯಂತರವಿಲ್ಲ. ಸುಳ್ಳು ಸಹಿಗೆ ಶಿಕ್ಷೆ ಕೊಡುವುದಿದ್ದರೆ ಕೊಡಿ, ಇಬ್ಬರಿಗೂ ಒಟ್ಟಿಗೇ ಕೊಡಿ. ಇನ್ನು ಮುಂದೆ ತರಗತಿಗೆ ಬರುವವರ ಮನೆಯಲ್ಲಿ ರೋಗಿಯಿದ್ದರೆ, ಆ ಎರಡು ಗಂಟೆ ನೋಡಿಕೊಳ್ಳಲು ಒಬ್ಬರನ್ನು ಕಳಿಸಿ. ತಮ್ಮ ಕಚೇರಿಯ ಗೋಡೆಯ ಮೇಲಿನ ಸುಭಾಷಿತಗಳಿಗಿಂತ ಅದರಿಂದ ಹೆಚ್ಚು ಸಂಸಾರ ಉಳಿದೀತು.

ಬರುವ ಇಪ್ಪತ್ತೆಂಟರಂದು, ಸೋಮವಾರ, ಇಬ್ಬರಿಗೂ ರಜೆ ಸಿಕ್ಕಿದೆ. ಹನ್ನೊಂದು ಗಂಟೆಗೆ ಬರುತ್ತೇವೆ. ನಮಗೆ ಉಪದೇಶ ಬೇಡ, ಪಾಠ ಬೇಡ. ಮೊದಲು ಯಾರು ಮಾತಾಡಬೇಕು ಎಂದು ಹೇಳಲು ಒಬ್ಬರು ಕೂತಿದ್ದರೆ ಸಾಕು.

ಇಂತಿ,
ತಮ್ಮ ಕಂಪ್ಯೂಟರಿನಲ್ಲಿ ಮಾತ್ರ ಸುಖವಾಗಿರುವ
ಒಬ್ಬ ಡ್ರೈವರನ ಹೆಂಡತಿ