ಎ ಯು ಜಿ ಎಚ್ ಟಿ ಇರುವ ಪದಗಳು

ನವೆಂಬರ್ ೧೧, ಸೋಮವಾರ. ಬೆಳಿಗ್ಗೆ ೬

ಇವತ್ತಿನ ಗುಂಪು ಎ ಯು ಜಿ ಎಚ್ ಟಿ. ಐದೂ ಅಕ್ಷರ ಸಾಲಾಗಿ ಬರಬೇಕು. ಕಾಟ್ — ಹಿಡಿದ, ಸಿಕ್ಕಿಬಿದ್ದ. ಟಾಟ್ — ಕಲಿಸಿದ. ಹಾಟಿ — ಸೊಕ್ಕಿನ. ಡಾಟರ್ — ಮಗಳು. ಲಾಫ್ಟರ್ — ನಗು. ಸ್ಲಾಟರ್ — ಕಡಿಯುವುದು. ಮಗಳು, ನಗು, ಕಡಿಯುವುದು ಎಲ್ಲಾ ಒಂದೇ ಗುಂಪಿನಲ್ಲಿ! ಈ ಇಂಗ್ಲಿಷರಿಗೆ ತಲೆ ನೆಟ್ಟಗಿತ್ತೋ ಇಲ್ಲವೋ.

ಡಿಸೆಂಬರ್‌ನಲ್ಲಿ ಎಫ್‌ಡಿಎ ಪರೀಕ್ಷೆ. ಎರಡು ಸಲ ಇಂಗ್ಲಿಷ್‌ನಲ್ಲೇ ಮುಗ್ಗರಿಸಿದ್ದೇನೆ. ತಂಗಿ ಐಶ್ವರ್ಯ ರಾಯಚೂರಿನಲ್ಲಿ ಎಂಎ ಮಾಡಿ ಬಂದವಳು. ಬೆಳಿಗ್ಗೆ ನಮ್ಮ ಅಕ್ಕಿ ಗಿರಣಿ ಶುರುವಾಗುವ ಮೊದಲು ದಿನಕ್ಕೊಂದು ಗುಂಪು ಹೇಳಿಕೊಡುತ್ತಾಳೆ. ತಪ್ಪಿದರೆ ತಲೆಗೆ ಮೊಟಕುತ್ತಾಳೆ. ಅಪ್ಪನನ್ನು ಬಿಟ್ಟರೆ ಈ ಮಾನ್ವಿಯಲ್ಲಿ ನನ್ನ ಮೇಲೆ ಕೈ ಮಾಡುವ ಧೈರ್ಯ ಅವಳೊಬ್ಬಳಿಗೇ.

"ಹಾಟಿಗೆ ಒಂದು ಉದಾಹರಣಿ ಕೊಡು ಮೌನ್ಯಾ."

"ಕೊಟ್ರೇಶ."

ದೊಡ್ಡಪ್ಪನ ಮಗ. ಹೊರಗೆ ಅವನದೇ ಬೈಕಿನ ಸದ್ದು. ಇಬ್ಬರೂ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆವು.

ನವೆಂಬರ್ ೧೪, ಗುರುವಾರ

ಐಶ್ವರ್ಯ ಓಡಿಹೋದಳು. ಸುಭಾಷ್ ಜೊತೆ. ನಮ್ಮ ಗಿರಣಿಯ ಲಾರಿ ಓಡಿಸುವ ಸುಭಾಷ್! ಜಾತಿ ಬೇರೆ. ದೇವದುರ್ಗದ ಕಡೆಯ ಕೂಲಿಯವನ ಮಗ. ನಮ್ಮ ಅಡುಗೆಮನೆಯ ಹಿಂದಿನ ಕಟ್ಟೆಯಲ್ಲಿ ಕೂತು ಉಂಡವನು.

ಅವನು ಕೂರುತ್ತಿದ್ದ ಲಾರಿಯ ಗಾಜು ಒಡೆದೆ. ಕೈ ಕೊಯ್ದುಕೊಂಡಿತು. ಸಿಟ್ಟು ಇಳಿಯಲಿಲ್ಲ.

ಅಪ್ಪ ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಶಾಂತವಾಗಿ ಹೇಳಿದ. "ಆಕಿನ್ನ ಮನಿಗೆ ಕರ್ಕೊಂಡು ಬರ್ರಿ. ಅಂವ ಮಾತ್ರ ಉಳೀಬಾರ್ದು." ತಲೆಯಾಡಿಸಿದೆ.

ನವೆಂಬರ್ ೧೫

ದೇವದುರ್ಗಕ್ಕೆ ಹೋಗಿದ್ದೆವು. ನಾನು, ಕೊಟ್ರೇಶ. ಸುಭಾಷನ ಅಪ್ಪ ಗದ್ದೆಪ್ಪನನ್ನು ಹೊರಗೆಳೆದೆವು.

"ಎಲ್ಲಿ ಹೋಗ್ಯಾರ ನನಗ ಗೊತ್ತಿಲ್ರೀ ಧಣೇರ. ದೇವ್ರಾಣಿಗೂ ಗೊತ್ತಿಲ್ರೀ."

ಕೊಟ್ರೇಶ ಬಾಯಿಗೇ ಗುದ್ದಿದ. ಹಲ್ಲೊಂದು ನನ್ನ ಚಪ್ಪಲಿಯ ಮೇಲೆ ಬಿತ್ತು. ನಾನು ಅವರ ಬಾಗಿಲು ಒದ್ದು ಮುರಿದೆ, ಜೋಳದ ಗಡಿಗೆ ಬೀದಿಗೆ ಚೆಲ್ಲಿದೆ. ಓಣಿಯವರೆಲ್ಲ ನೋಡುತ್ತ ನಿಂತಿದ್ದರು. ಒಬ್ಬರೂ ಹತ್ತಿರ ಬರಲಿಲ್ಲ. ಬರುವಾಗ ಹೊಟ್ಟೆ ತುಂಬ ಊಟ ಮಾಡಿದೆ, ನಾಚಿಕೆಯಿಲ್ಲದೆ.

ನವೆಂಬರ್ ೨೨, ಶುಕ್ರವಾರ

ಒಂದು ವಾರ ಬರೆದಿಲ್ಲ. ರಾಯಚೂರು, ಸಿಂಧನೂರು, ಆದೋನಿ — ತಿರುಗದ ಲಾಡ್ಜ್ ಇಲ್ಲ.

ಇವತ್ತು ಬೆಳಿಗ್ಗೆ ಹೊಸ ನಂಬರಿನಿಂದ ವಾಯ್ಸ್ ಮೆಸೇಜ್. ಐಶ್ವರ್ಯಳ ದನಿ!

"ಮೌನ್ಯಾ, ಪರೀಕ್ಷಿ ಹತ್ರ ಬಂತು. ಎ ಯು ಜಿ ಎಚ್ ಟಿ ಮರ್ತಿಲ್ಲಲ್ಲ? ಇನ್ನೆರಡು ಉಳಿದಿದ್ವು. ಫ್ರಾಟ್ ಅಂದ್ರ ಅಪಾಯ ತುಂಬಿದ್ದು. ಡಿಸ್ಟ್ರಾಟ್ ಅಂದ್ರ ದುಃಖಕ್ಕ ದಿಕ್ಕು ತಪ್ಪಿದವ್ರು. ಬರ್ಕೋ."

ಅಷ್ಟೇ. ಹಿಂದೆ ಗಿರಣಿ ಓಡುವ ಸದ್ದು. ಟಕ್… ಗರಗರ… ಟಕ್. ಕೂತಲ್ಲಿಂದ ಎದ್ದೇಬಿಟ್ಟೆ. ಅದು ನಮ್ಮ ಹಳೆಯ ಎಲಿವೇಟರ್. ಭತ್ತ ಮೇಲೆತ್ತುವ ಬಕೆಟ್‌ಗಳಲ್ಲಿ ಒಂದು ಬಗ್ಗಿದೆ, ಸುತ್ತಿಗೊಮ್ಮೆ ತಗಡಿಗೆ ಬಡಿಯುತ್ತದೆ. ಅದೇ ಸದ್ದಿಗೆ ಮಲಗಿ, ಅದೇ ಸದ್ದಿಗೆ ಎದ್ದು ಬೆಳೆದವರು ನಾವಿಬ್ಬರು. ಅಪ್ಪ ಅದನ್ನು ಪೋತ್ನಾಳದ ಜಿಲಾನಿ ಪಾಷಾನಿಗೆ ಮಾರಿದ್ದ.

"ಪೋತ್ನಾಳದಾಗ ಅದಾರ! ಜಿಲಾನಿ ಪಾಷಾನ ಗಿರಣ್ಯಾಗ!" ಕೂಗಿಬಿಟ್ಟೆ. ಕೊಟ್ರೇಶ ಚಹಾದ ಕಪ್ಪು ಕೆಳಗಿಟ್ಟ.

"ಗಿರಣಿ ಮಂದಿ ಕಿವಿ ಅಂದ್ರ ಕಿವಿಲೇ," ಎಂದು ಬೆನ್ನು ತಟ್ಟಿದ. ಹೆಮ್ಮೆಪಟ್ಟೆ. ಹೌದು, ಹೆಮ್ಮೆಪಟ್ಟೆ.

ನವೆಂಬರ್ ೨೩, ಶನಿವಾರ

ಬರೆಯಬೇಕು.

ಮಧ್ಯಾಹ್ನ ಹೋದೆವು. ನನ್ನ ಕೈಯಲ್ಲಿ ಕಬ್ಬಿಣದ ರಾಡು. ಕೊಟ್ರೇಶ ಕೊಡಲಿಯನ್ನು ಚೀಲದಲ್ಲಿ ಸುತ್ತಿ ತಂದಿದ್ದ. ಅವನು ಗೋಡೆಯ ಹಿಂದೆ ನಿಂತ, ನನ್ನನ್ನು ಮುಂದೆ ಕಳಿಸಿದ.

ಐಶ್ವರ್ಯ ಮೊದಲು ನೋಡಿದ್ದು ನನ್ನನ್ನು. ಮೈಮೇಲೆಲ್ಲ ತೌಡಿನ ಧೂಳು. ಓಡಿ ಬಂದಳು.

"ಬಂದೇನೋ! ಸದ್ದು ಕೇಳಿ ಗುರ್ತು ಹಿಡಿತಿ ಅಂತ ಗೊತ್ತಿತ್ತು ನನಗ. ಅದಕ್ಕ ಎಲಿವೇಟರ್ ಬಾಜೂಕ ನಿಂತು ಕಳಿಸಿದೆ. ಬ್ಯಾರೆ ಯಾರಿಗೆ ತಿಳಿತದ ಹೇಳು? ಒಬ್ಬನ ಬಂದೀ ಹೌದಿಲ್ಲೋ?"

ಅವಳ ಕಣ್ಣು ನನ್ನ ಕೈಯ ರಾಡಿಗೆ ಹೋಯಿತು. ಅಷ್ಟರಲ್ಲಿ ಕೊಟ್ರೇಶ ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ಸುಭಾಷ್ ಭತ್ತದ ರಾಶಿಯ ಹತ್ತಿರ ಬಗ್ಗಿದ್ದ. ತಲೆ ಎತ್ತುವಷ್ಟರಲ್ಲಿ ಕುತ್ತಿಗೆಗೆ ಕೊಡಲಿ ಬಿತ್ತು. ಎರಡನೇ ಏಟು, ಮೂರನೆಯದು. ಭತ್ತ ಕೆಂಪಾಯಿತು. ಐಶ್ವರ್ಯ ಅಡ್ಡ ಬಿದ್ದಳು. ನಾಲ್ಕನೆಯದು ಅವಳ ಭುಜಕ್ಕೆ. ಮೂಳೆ ಮುರಿದದ್ದು ಕೇಳಿಸಿತು. ಗಿರಣಿ ಮಂದಿ ಕಿವಿ.

ರಾಡು ಇತ್ತು ಕೈಯಲ್ಲಿ. ನಿಂತೇ ಇದ್ದೆ. ಹೇಡಿ.

ಸ್ಲಾಟರ್ ಅಂದರೆ ಕಡಿಯುವುದು ಎಂದಷ್ಟೇ ಬರೆದುಕೊಂಡಿದ್ದೆ. ಆ ಅರ್ಥ ಸಾಲದು.

ಸುಭಾಷ್ ಅಲ್ಲೇ ಸತ್ತ. ಕೊಟ್ರೇಶ ಓಡಿದ ಮೇಲೆ ಅವಳನ್ನು ಎತ್ತಿ ಟಂಟಂ ಆಟೋದಲ್ಲಿ ಹಾಕಿಕೊಂಡು ರಾಯಚೂರಿಗೆ ಬಂದೆ. ಅವಳಿಗೆ ಉಸಿರಿದೆ.

ನವೆಂಬರ್ ೨೪, ಭಾನುವಾರ. ಬೆಳಿಗ್ಗೆ ೧೦

ಆಸ್ಪತ್ರೆಯ ಮೂರನೇ ಮಹಡಿ. ಐಶ್ವರ್ಯ ಬದುಕುತ್ತಾಳೆ ಎಂದರು ಡಾಕ್ಟರು. ಕಣ್ಣು ಬಿಟ್ಟಳು. ನನ್ನನ್ನು ನೋಡಿ ಒಂದೇ ಮಾತು — "ಹೊರಗ ಹೋಗು." ಬಂದು ಬಾಗಿಲ ಮುಂದಿನ ಬೆಂಚಿನಲ್ಲಿ ಕೂತಿದ್ದೇನೆ.

ಪೊಲೀಸರಿಗೆ ನಾನು ಇನ್ನೂ ಬಾಯಿ ಬಿಟ್ಟಿಲ್ಲ. ಹನ್ನೊಂದಕ್ಕೆ ಬಂದು ಅವಳ ಹೇಳಿಕೆ ತೆಗೆದುಕೊಳ್ಳುತ್ತಾರಂತೆ. ಅವಳಿಗೆ ಮಾತು ಬಂತೆಂದು ಅಮ್ಮನಿಗೆ ಸಮಾಧಾನವಾಗಲಿ ಅಂತ ಫೋನ್ ಮಾಡಿದೆ. ಎತ್ತಿದ್ದು ಅಪ್ಪ. ಹನ್ನೊಂದಕ್ಕೆ ಹೇಳಿಕೆ ಅಂತಲೂ ಹೇಳಿಬಿಟ್ಟೆ.

ಈಗ ತಿರುಗಿ ಅಪ್ಪನ ಫೋನ್.

"ಆಕಿ ಬಾಯಿ ಬಿಟ್ರ ಮನಿ ಮಂದಿಯೆಲ್ಲ ಜೇಲಿಗೆ. ಕೊಟ್ರ್ಯಾ ಬರಾಕತ್ಯಾನ. ನೀ ಚಹಾ ಕುಡಿಯಾಕ ಹೋಗು."

"ನಿನ್ನ ಮಗಳು ಯಪ್ಪಾ, ಆಕಿ."

"ಬಾಗ್ಲ ಬಿಟ್ಟು ಸರಿ ಅಂದೆ."

ಕಟ್ ಮಾಡಿದ. ಪೊಲೀಸರ ನೂರಾ ಹನ್ನೆರಡಕ್ಕೆ ಫೋನ್ ಹಚ್ಚಿ ಎಲ್ಲಾ ಹೇಳಿದೆ — ಕೊಡಲಿ, ಕೊಟ್ರೇಶ, ಅಪ್ಪ, ನಾನು. ಬರುತ್ತೇವೆ ಅಂದರು. ನರ್ಸಿಗೆ ಒಳಗಿನಿಂದ ಚಿಲಕ ಹಾಕಲು ಹೇಳಿದೆ. ಹಾಕಿದಳು.

೧೦.೨೦. ಪೊಲೀಸರಿಲ್ಲ. ಕೊಟ್ರೇಶ ಲಿಫ್ಟಿನಿಂದ ಇಳಿದ. ಬಲಗೈ ಟವೆಲ್ಲಿನಲ್ಲಿ ಸುತ್ತಿದೆ. ನನ್ನನ್ನು ನೋಡಿ ನಗುತ್ತಿದ್ದಾನೆ, ಸರಿಯುತ್ತೇನೆ ಅಂದುಕೊಂಡು.

"ಸರಿಯೋ ಮೌನ್ಯಾ, ಐದು ಮಿನಿಟು."

ಬಾಗಿಲಿಗೆ ಬೆನ್ನು ಕೊಟ್ಟು ಎದ್ದು ನಿಂತಿದ್ದೇನೆ. ಸರಿಯುವುದಿಲ್ಲ. ನಾನು ಈ ಸಲ —