ಕೊಳಕ್ಕೆ ಎರಡು ತಿಂಗಳ ನೋಟಿಸು

ಜನವರಿ 9
ನಾಲ್ಕು ವಕಾಲತ್ತು, ಎರಡು ಅಫಿಡವಿಟ್ಟು, ಜೀರ್ಣವಾಗದ ಒಂದು ಕಚೋರಿ. ಕೋರ್ಟಿನಿಂದ ಬಂದರೆ ಅಕ್ಕ ಕಮಲಿನಿ ದೀದಿ ಬಾಗಿಲಲ್ಲೇ ಕೂತಿದ್ದಾಳೆ. ಸರ್ಕಾರದವರು ಅವಳ ಕೊಳದ ಸುತ್ತ ಗೂಟ ಹೊಡೆದಿದ್ದಾರಂತೆ. ಮುಚ್ಚಿ ಗೋದಾಮು ಕಟ್ಟುತ್ತಾರಂತೆ. ಭಾವ ಹೋದ ಮೇಲೆ ಅವಳ ಅನ್ನ ಆ ಕೊಳದ ರೋಹು ಮೀನಿನದೇ.

"ಗೋಷ್ಠೊ, ಇಪ್ಪತ್ತು ವರ್ಷದಿಂದ ವಕೀಲರ ಗುಮಾಸ್ತ ಅಂತ ಮೆರೀತಿದ್ದೀಯಲ್ಲ. ಈಗ ತೋರ್ಸು."

ಜನವರಿ 10
ಸರ್ಕಾರದ ಮೇಲೆ ದಾವೆ ಹೂಡುವ ಮೊದಲು ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತು ಅಂತ ಕೋರ್ಟಿನ ಅನುಮತಿ ಕೇಳಿ ಈಗಲೇ ಹೋಗಬಹುದು ಎಂದರು ನಮ್ಮ ವಕೀಲರು ಸಾನ್ಯಾಲ್ ಬಾಬು. ನಾನೇ ಬೇಡ ಎಂದೆ. ಅನುಮತಿ ಸಿಗದಿದ್ದರೆ ದಾವೆ ವಾಪಸು. ಕ್ರಮವಾಗಿ ಹೋಗೋಣ... ಕಲೆಕ್ಟರ್ ಕಚೇರಿಗೆ ನೋಟಿಸು ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಂಡೆ. ಭಾರೀ ಕೆಲಸ ಮಾಡಿದವನ ಹಾಗೆ ಬೀಗಿದೆ.

ಜನವರಿ 27
ಲಾರಿಗಳು ಬಂದವು. ಬೂದಿ, ಒಡೆದ ಇಟ್ಟಿಗೆ, ಊರಿನ ಕಸ. ಓವರ್‌ಸಿಯರನಿಗೆ ನೋಟಿಸಿನ ಪ್ರತಿ ಹಿಡಿದೆ. ಪಾನ್ ಉಗಿದು, ಪೂರ್ತಿ ಓದಿದ.

"ಕಾಯ್ಬೇಕಾದೋರು ನೀವು ದಾದಾ. ನಮ್ಗೆ ಕಾಯ್ಬೇಕು ಅಂತ ಎಲ್ಲಿ ಬರ್ದಿದೆ?"

ಎಲ್ಲೂ ಬರೆದಿಲ್ಲ. ಈಗಲಾದರೂ ಅನುಮತಿ ಕೇಳೋಣವೆಂದರೆ ವಕೀಲರ ಮುಷ್ಕರ. ಬಾರ್ ರೂಮಿನ ಕಕ್ಕಸು ಸರಿಯಿಲ್ಲವಂತೆ. ಮುಗಿಯುವ ದಿನ ಯಾರಿಗೂ ಗೊತ್ತಿಲ್ಲ.

ಫೆಬ್ರವರಿ 20
ಉಳಿದಿದ್ದ ಮೊಣಕಾಲುದ್ದ ನೀರಿನಲ್ಲಿ ಮೀನೆಲ್ಲ ಸತ್ತು ತೇಲಿವೆ. ದೀದಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬುಟ್ಟಿ ಬುಟ್ಟಿ ಎತ್ತಿದಳು. ನನ್ನ ಕಡೆ ನೋಡಲಿಲ್ಲ. ಥೂ. ಊಟದ ತಟ್ಟೆಯಲ್ಲೂ ಅದೇ ವಾಸನೆ.

ಮಾರ್ಚ್ 14
ಮುಷ್ಕರ ಮುಗಿದಿದೆ, ಎರಡು ತಿಂಗಳೂ. ದಾವೆ ದಾಖಲಾಯಿತು. ಕೊಳಕ್ಕೆ ಬೆಲೆ ಕಡಿಮೆ, ಹಾಗಾಗಿ ನಮ್ಮೂರ ಚಿಕ್ಕ ಕೋರ್ಟೇ ಸಾಕು. ಅಷ್ಟರಲ್ಲಿ ನೆಲ ಸಮ ಮಾಡಿ ರೋಲರ್ ಓಡಿಸಿದ್ದಾರೆ.

ಏಪ್ರಿಲ್ 2
ಸರ್ಕಾರಿ ವಕೀಲ ಎದ್ದು ನಿಂತ. "ಸ್ವಾಮಿ, ಅಲ್ಲಿ ಕೊಳವೇ ಇಲ್ಲ. ರಸ್ತೆ ಪಕ್ಕದ ನಿವೇಶನ ಇದೆ." ನಿವೇಶನದ ಬೆಲೆ ಕೊಳದ ಹತ್ತು ಪಟ್ಟು — ಈ ಕೋರ್ಟಿನ ಮಿತಿ ಮೀರಿತು. ದಾವೆ ವಾಪಸು, ಜಿಲ್ಲೆಯ ದೊಡ್ಡ ಕೋರ್ಟಿಗೆ ಹೋಗಿ. ಮುಚ್ಚಿದವರೂ ಅವರೇ, ಬೆಲೆ ಏರಿಸಿದವರೂ ಅವರೇ. ಇನ್ನೂ ಒಂದು: ನಮ್ಮ ನೋಟಿಸಿನಲ್ಲಿದ್ದದ್ದು 'ಮುಚ್ಚಬೇಡಿ' ಎಂದು. 'ಜಾಗ ಬಿಟ್ಟುಕೊಡಿ' ಎನ್ನಲು ಹೊಸ ನೋಟಿಸು. ಮತ್ತೆ ಎರಡು ತಿಂಗಳು.

ಹೇಸಿಗೆಯಾಗುತ್ತದೆ. ಬರೀ ಅವರ ಮೇಲಲ್ಲ. ಮೊಹರಿಗಾಗಿ ಬೀಗಿದ ನನ್ನ ಮುಖದ ಮೇಲೂ.

ಏಪ್ರಿಲ್ 3
ಹೊಸ ನೋಟಿಸಿನಲ್ಲಿ ಕೊಳ ಎನ್ನಬೇಡ ಎಂದಿದ್ದಾರೆ ಸಾನ್ಯಾಲ್ ಬಾಬು. 'ಕಟ್ಟಡಕ್ಕೆ ಯೋಗ್ಯವಾದ ನಿವೇಶನ' ಎಂದೇ ಬರೆಯಬೇಕು, ಇಲ್ಲವಾದರೆ ಕೋರ್ಟು ತಪ್ಪೆಂದು ಮತ್ತೆ ದಾವೆ ವಾಪಸು.

"ನನ್ ಕೈಲೇ ನನ್ ಕೊಳ ಇಲ್ಲ ಅನ್ನಿಸ್ತೀಯೇನೋ?" ಎಂದಳು ದೀದಿ.

"ಸಹಿ ಹಾಕ್ದೆ ಇದ್ರೆ ಕೇಸೇ ಇಲ್ಲ ದೀದಿ."

"ಬರಿ ಹಾಗಾದ್ರೆ. ನಿನ್ ಕ್ರಮಕ್ಕಿಷ್ಟು ಬೆಂಕಿ ಹಾಕ."

ಎದುರಿಗೇ ಕೂತಿದ್ದಾಳೆ. ಚಕ್ಕುಬಂದಿ ಬರೆಯುತ್ತಿದ್ದೇನೆ. ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಶಾಲೆಯ ಗೋಡೆ. ದಕ್ಷಿಣಕ್ಕೆ ಪಕ್ಕದ ಪಾಲ್ ಮನೆಯವರ ತೆಂಗಿನ ಮರ. ಉತ್ತರಕ್ಕೆ ಭಾವ ಕಟ್ಟಿಸಿದ ಹದಿನಾಲ್ಕು ಮೆಟ್ಟಿಲು, ಇಳಿಯುವುದು —