ಮೂರೇ ಜನ

ಆಗಸ್ಟ್ 10, ಭಾನುವಾರ. ಗುರುಗ್ರಾಮ.

ಇದನ್ನು ಬರೆಯದೆ ಬಿಡಬೇಕೆಂದಿದ್ದೆ. ಜೂನ್‌ನಲ್ಲಿ ಮತದಾರರ ಪಟ್ಟಿಯವರು ಬಾಗಿಲಿಗೆ ಬಂದು, ಮನೆಯಲ್ಲಿ ದೊಡ್ಡವರು ಎಷ್ಟು ಜನ ಎಂದು ಕೇಳಿದಾಗ ಮೂರು ಎಂದೆ: ನಾನು, ಗಂಡ ದಿಲೀಪ್, ಅತ್ತೆ. ಆರು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದು ಕೆಲಸ ಮಾಡುವ ಸುಮಂತಿ ತಿರ್ಕಿ ಆಗ ಅವರಿಗೇ ಚಹಾ ಮಾಡುತ್ತಿದ್ದಳು. ಅವಳು ಜಾರ್ಖಂಡಿನ ಆದಿವಾಸಿ; ಊರಲ್ಲಿಲ್ಲವೆಂದು ಅಲ್ಲಿನ ಮತದಾರರ ಪಟ್ಟಿಯಿಂದ ಅವಳ ಹೆಸರು ತೆಗೆದು ಎರಡು ವರ್ಷವಾಗಿದೆ. ಈಗ ಅವಳಿಗೆ ಎಲ್ಲೂ ವೋಟಿಲ್ಲ. ಅದು ನನಗೆ ಗೊತ್ತಿತ್ತು.

ಇಂದು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಆದಿವಾಸಿ ದಿನಾಚರಣೆಯಲ್ಲಿ ಅವಳಿಗೆ ಶಾಲು ಹೊದಿಸಿದೆವು. ಅಭಿನಂದನೆಯ ಮಾತು ಓದಿದವಳು ನಾನೇ. ಲಿಫ್ಟಿನಲ್ಲಿ ಅವಳು ಶಾಲು ಮಡಚುತ್ತಾ, "ಚೆನ್ನಾಗಿದೆ ದೀದಿ. ಆದರೆ ಮನೇಲಿ ಮೂರೇ ಜನ ಅಂದಿರಲ್ಲ, ಆವತ್ತು ಟೀ ಮಾಡಿದ್ದು ಯಾವ ಭೂತ?" ಎಂದಳು. ಜೊತೆಗಿದ್ದ ಅತ್ತೆ ನಕ್ಕರು.

ಮರೆತೆ ಎನ್ನಬಹುದಿತ್ತು. ಮರೆತಿರಲಿಲ್ಲ. ಎಣಿಸುವಾಗ ಅವಳು ಲೆಕ್ಕಕ್ಕೇ ಬರಲಿಲ್ಲ. ಹಾಗಾದರೆ ಇಂದು ನಾನು ಹೊಗಳಿದ್ದು ಯಾರನ್ನು?

ಊಟವಾದ ಮೇಲೆ ನಾನೂ ಸುಮಂತಿಯೂ ಕೂತು, ಅವಳ ಹೆಸರನ್ನು ಇಲ್ಲಿನ ಮತದಾರರ ಪಟ್ಟಿಗೆ ಸೇರಿಸುವ ಫಾರಂ ತುಂಬಿದೆವು. ನಮ್ಮ ಮನೆಯಲ್ಲೇ ವಾಸ ಎಂದು ನಾನು ಬರೆದ ಪತ್ರವನ್ನು ಅವಳು ಎರಡು ಸಲ ಓದಿಸಿಕೊಂಡಳು.

"ಅಚ್ಛಾ. ಪೋಸ್ಟಿಗೆ ಹಾಕೋದು ಯಾವಾಗ?"

ನಾಳೆ, ಎಂದೆ.

"ಹಾಗಾದ್ರೆ ಪತ್ರದ ಮೇಲೆ ಆ ತಾರೀಖೇ ಬರೀರಿ ದೀದಿ."

ಬರೆದೆ. ಆಗಸ್ಟ್ 11, ಸೋಮವಾರ.